ಮಾತು ಮೊದಲು ಬರಲಿ, ಚೀಟಿ ಆಮೇಲೆ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ, ಉತ್ತರ ಕನ್ನಡ, ಕಾರವಾರ
ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳು

ಮಾನ್ಯರೇ,

ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕಿ. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ ವಿಜ್ಞಾನದ ಅಕ್ಕೋರು. 14 ವರ್ಷ ಕುಮಟಾ, ಅಂಕೋಲಾ ಕಡೆಯ ಕಡಲ ಬದಿಯ ಶಾಲೆಗಳಲ್ಲಿದ್ದೆ. ಆಮೇಲೆ ದೇವಿಮನೆ ಘಟ್ಟ ಹತ್ತಿ 11 ವರ್ಷ ಶಿರಸಿ ಸೀಮೆಯಲ್ಲಿ ಪಾಠ ಮಾಡಿದೆ. ಕೊನೆಯ ಕೆಲವು ವರ್ಷ ಮತ್ತೆ ಕೆಳಗೆ, ಕಡಲ ಬದಿಗೇ ಬಂದೆ. ಈ ಪತ್ರವನ್ನು ಸುಮ್ನೆ ಅಂಚೆಗೆ ಹಾಕಿ ಕೂರಬಹುದಿತ್ತು. ಆದರೆ ಇದರಲ್ಲಿ ಅರ್ಧ ಮಾತು ನಿಮಗೆ, ಇನ್ನರ್ಧ ನಮ್ಮೂರ ಅಪ್ಪ ಅಮ್ಮಂದಿರಿಗೆ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ವಿಷಯ ಎಚ್‌ಪಿವಿ ಲಸಿಕೆ. ಹೆಣ್ಣುಮಕ್ಕಳಿಗೆ ಮುಂದೆ ಗರ್ಭಕಂಠದ ಕ್ಯಾನ್ಸರ್ ಬರದ ಹಾಗೆ ತಡೆಯುವ ಸೂಜಿ.

ನನ್ನ ನಿವೃತ್ತಿಗೆ ಒಂದು ವರ್ಷ ಇದ್ದಾಗ, ನಾನಿದ್ದ ಶಾಲೆಯಲ್ಲಿ ಸೇವಾ ಸಂಘವೊಂದು ಈ ಲಸಿಕೆಯ ಉಚಿತ ಶಿಬಿರ ಇಟ್ಟಿತ್ತು. ಹೊರಗೆ ಹಾಕಿಸಿದರೆ ಸಾವಿರಾರು ರೂಪಾಯಿ ಆಗುವ ಸೂಜಿ ಇದು. ಬುಧವಾರ ಮಧ್ಯಾಹ್ನ ನಮ್ಮ ಕೈಗೆ ಒಪ್ಪಿಗೆ ಚೀಟಿಗಳ ಕಟ್ಟು ಬಂತು. ಶುಕ್ರವಾರ ಬೆಳಿಗ್ಗೆ ಪಾಲಕರ ಸಹಿ ಹಾಕಿಸಿ ತರಬೇಕು ಅಂತ ಆದೇಶ. 43 ಹುಡುಗಿಯರಿಗೆ ಹಂಚಿದೆವು. ಶುಕ್ರವಾರ ಸಹಿಯಾಗಿ ಬಂದದ್ದು 9.

ಉಳಿದ ಚೀಟಿಗಳು ಎಲ್ಲಿ ಹೋದವು ಅಂತ ನಾನು ಒಬ್ಬೊಬ್ಬಳನ್ನೇ ಕೇಳಿದೆ. ಒಂದು ಕಂಪಾಸ್ ಪೆಟ್ಟಿಗೆಯಲ್ಲಿ, ಎಂಟು ಮಡಿಕೆಯಾಗಿ, ಕೈವಾರದ ಕೆಳಗೆ ಕೂತಿತ್ತು. ಮನೆಯಲ್ಲಿ ತೋರಿಸಲಿಕ್ಕೇ ಆ ಹುಡುಗಿಗೆ ನಾಚಿಕೆ. ಇನ್ನೊಂದರ ಮೇಲೆ ಕೆಂಪು ಪೆನ್ನಿನಲ್ಲಿ ‘ಬೇಡ’ ಅಂತ ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಒಬ್ಬಳ ಚೀಟಿಯ ಬೆನ್ನಿಗೆ ಬೀಜಗಣಿತದ ಲೆಕ್ಕ ಇತ್ತು. ಉತ್ತರ ಸರಿಯಾಗೇ ಇತ್ತು. ಮತ್ತೊಬ್ಬಳು ತಲೆ ತಗ್ಗಿಸಿ ಹೇಳಿದಳು: ‘ಆಯಿ ಓದಿ ಒಲೆಗೆ ಹಾಕಿದ್ಲು ಅಕ್ಕೋರೆ.’ ಸಿಸ್ಟರ್ ಐಸ್ ಪ್ಯಾಕ್ ಇಟ್ಟು ತಂದಿದ್ದ ನೀಲಿ ಡಬ್ಬಿಯನ್ನು ಹೆಚ್ಚುಕಡಿಮೆ ತುಂಬಿದ್ದ ಹಾಗೆಯೇ ವಾಪಸ್ ಒಯ್ದರು.

ಆ ಚೀಟಿಯನ್ನು ನಾನು ಆಮೇಲೆ ನಿಧಾನಕ್ಕೆ ಓದಿದೆ. ಅರ್ಧ ಇಂಗ್ಲಿಷ್, ಇನ್ನರ್ಧ ಯಾರೂ ಮಾತಾಡದ ಕನ್ನಡ. ಮೊದಲ ಸಾಲೇ ‘ಲೈಂಗಿಕ ಸಂಪರ್ಕದಿಂದ ಹರಡುವ ವೈರಾಣು’ ಅಂತ. ಅದರ ಕೆಳಗೆ ಮಗಳ ಹೆಸರು ಬರೆಯಲಿಕ್ಕೆ ಒಂದು ಗೆರೆ.

ಮರುದಿನ ಮೀನು ಪೇಟೆಗೆ ಹೋದಾಗ ಒಬ್ಬ ತಾಯಿ ಸಿಕ್ಕಳು. ಬಂಗಡೆ ಕೊಯ್ಯುತ್ತಿದ್ದಳು. ಕತ್ತಿ ಕೆಳಗಿಡದೆ, ನನ್ನ ಮುಖವನ್ನೂ ನೋಡದೆ ಕೇಳಿದಳು: ‘ಅಕ್ಕೋರೆ, ನೀವು ಕಳ್ಸಿದ್ ಚೀಟಿ ಓದ್ದೆ. ನನ್ ಮಗ್ಳಿಗೆ ಇನ್ನೂ ಹದಿಮೂರು ತುಂಬ್ಲಿಲ್ಲ. ಅವ್ಳಿಗೆ ಯಾಕ್ರಾ ಅಂಥಾ ರೋಗದ ಸೂಜಿ?’

ಆಕೆ ನನ್ನದೇ ಹಳೆಯ ವಿದ್ಯಾರ್ಥಿನಿ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿಯ ಪಾಠವನ್ನು ನಾನು ಹೇಗೆ ಮಾಡುತ್ತಿದ್ದೆ ಗೊತ್ತಾ? ದಾಸವಾಳದ ಹೂವು ತರಿಸಿ, ಬ್ಲೇಡಿನಲ್ಲಿ ಸೀಳಿ, ಶಲಾಕೆ, ಅಂಡಾಶಯ ಎಲ್ಲ ತೋರಿಸಿ ಎರಡು ಪೀರಿಯಡ್ ಕಳೆಯುತ್ತಿದ್ದೆ. ಮನುಷ್ಯರ ಭಾಗ ಬಂದಾಗ ‘ಇದು ಸುಲಭ, ಮನೆಯಲ್ಲಿ ಓದಿಕೊಳ್ಳಿ, ಚಿತ್ರ ಒಂದು ಬಿಡಿಸಿ ತನ್ನಿ’ ಅಂತ ಮುಗಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರು ನಗುತ್ತಾರೆ ಅನ್ನುವ ಭಯ. ಅವತ್ತು ನಾನು ದಾಟಿಸಿ ಬಿಟ್ಟ ಆ ಪುಟಗಳು ಇಷ್ಟು ವರ್ಷದ ಮೇಲೆ ಮೀನು ಪೇಟೆಯಲ್ಲಿ ಎದುರಿಗೆ ನಿಂತು ಪ್ರಶ್ನೆ ಕೇಳಿದವು. ತನ್ನ ಗರ್ಭಕೋಶಕ್ಕೆ ಒಂದು ಕುತ್ತಿಗೆ ಇದೆ ಅಂತಲೇ ಆಕೆಗೆ ನಾನು ಹೇಳಿರಲಿಲ್ಲ. ಆ ಕುತ್ತಿಗೆಗೆ ಬರುವ ಕಾಯಿಲೆಯ ಚೀಟಿಗೆ ಸಹಿ ಹಾಕು ಅಂದರೆ ಹೇಗೆ ಹಾಕುತ್ತಾಳೆ?

ನನ್ನ ಮನೆಯಲ್ಲೂ ಈ ಕಾಯಿಲೆ ಬಂದು ಹೋಗಿದೆ. ನಮ್ಮ ಅತ್ತಿಗೆ, ನಮ್ಮ ಯಜಮಾನರ ಅಣ್ಣನ ಹೆಂಡತಿ. 46ನೇ ವಯಸ್ಸಿಗೆ ತೀರಿಕೊಂಡರು. ಒಂದೂವರೆ ವರ್ಷ ಬಿಳಿಸೆರಗು ಹೋಗುತ್ತಿತ್ತು, ಆಗಾಗ ರಕ್ತ ಕಾಣುತ್ತಿತ್ತು. ಮನೆಯ ಹಿರಿಯರು ‘ಮುಟ್ಟು ನಿಲ್ಲೋ ಕಾಲ, ಹಾಗೇ ಆಗ್ತದೆ’ ಅಂದರು. ಅವರೂ ಹಾಗೇ ಅಂದುಕೊಂಡರು. ಬಟ್ಟೆಯನ್ನು ಎಲ್ಲರೂ ಏಳುವ ಮೊದಲೇ ಹಿತ್ತಿಲ ಬಾವಿ ಕಟ್ಟೆಯಲ್ಲಿ ಒಗೆದು, ಬಚ್ಚಲ ಒಲೆಯ ಹಿಂದೆ ಒಣಗಿಸುತ್ತಿದ್ದರಂತೆ. ನನಗೆ ಗೊತ್ತಾಗಿದ್ದು ಅವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವ ದಿನ. ವಿಜ್ಞಾನದ ಅಕ್ಕೋರು ಪಕ್ಕದ ಮನೆಯಲ್ಲೇ ಇದ್ದಳು, ಆದರೂ ಅವಳ ಹತ್ತಿರ ಹೇಳಲಿಕ್ಕೆ ಆಗಲಿಲ್ಲ. ಅಷ್ಟೊತ್ತಿಗೆ ಕಾಯಿಲೆ ಮೂತ್ರಕೋಶದ ಕಡೆಗೂ ಹಬ್ಬಿತ್ತು. ಆಮೇಲೆ ಎಷ್ಟು ಸಲ ಬೆಳಗಿನ ಜಾವದ ರೈಲು, ಎಷ್ಟು ಸಲ ಸಂಜೆ ವಾಪಸ್, ಲೆಕ್ಕ ಇಲ್ಲ. ನಮ್ಮ ಜಿಲ್ಲೆಯವರಿಗೆ ಇದೇನು ಹೊಸ ಕತೆಯಲ್ಲ. ದೊಡ್ಡ ಕಾಯಿಲೆ ಬಂದರೆ ಕಾರವಾರದವರು ಗೋವಾ ಕಡೆಗೆ, ಹಳಿಯಾಳ, ಮುಂಡಗೋಡದವರು ಹುಬ್ಬಳ್ಳಿಗೆ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ ಓಡುವುದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆ ಎಷ್ಟೋ ವರ್ಷದಿಂದ ಕೇಳುತ್ತಿದೆ. ನಾನೂ ಕೇಳುತ್ತೇನೆ. ಆದರೆ ಒಂದು ಸೂಜಿಯಿಂದ ತಡೆಯಬಹುದಾದ ಕ್ಯಾನ್ಸರಿಗೆ ಆಸ್ಪತ್ರೆ ಬರುವ ತನಕ ಕಾಯಬೇಕಾ?

ದೇಶದಲ್ಲಿ ವರ್ಷಕ್ಕೆ ಸುಮಾರು 1.25 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ, 75 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಏಳು ನಿಮಿಷಕ್ಕೊಬ್ಬರು. ನಮ್ಮ ಶಾಲೆಯ ಒಂದು ಪೀರಿಯಡ್ 40 ನಿಮಿಷ. ಗಂಟೆ ಹೊಡೆಯುವಷ್ಟರಲ್ಲಿ ಐದಾರು ಮಂದಿ.

ಮೊದಲ ಶಿಬಿರ ಕೆಟ್ಟ ಮೇಲೆ ನಾನು, ನಮ್ಮೂರ ಆಶಾ ಕಾರ್ಯಕರ್ತೆ, ಅಂಗನವಾಡಿಯ ಅಕ್ಕೋರು ಮೂವರೂ ಸೇರಿ ಒಂದು ಕೆಲಸ ಮಾಡಿದೆವು. ಒಂದೇ ಕಡೆ ದೊಡ್ಡ ಸಭೆ ಅಂತ ಮಾಡಲಿಲ್ಲ. ಸ್ತ್ರೀಶಕ್ತಿ ಸಂಘದ ವಾರದ ಸಭೆ ಇರುವ ಮನೆಗಳಿಗೇ ಹೋದೆವು. ಮೀನು ಮಾರುವವರ ಕೇರಿಗೆ ಮಧ್ಯಾಹ್ನ ಮೂರರ ಮೇಲೆ. ಅದಕ್ಕಿಂತ ಮೊದಲು ಹೋದರೆ ಅಲ್ಲಿ ಇರುವುದು ಅಜ್ಜಿಯರು ಮತ್ತು ಬೆಕ್ಕು ಮಾತ್ರ. ಕಾರ್ಯಕ್ರಮಗಳನ್ನು ಬೆಳಿಗ್ಗೆ 11ಕ್ಕೆ ಇಟ್ಟು ‘ತಾಯಂದಿರಿಗೆ ಆಸಕ್ತಿ ಇಲ್ಲ’ ಅಂತ ವರದಿ ಬರೆಯುವವರು ಇದನ್ನು ದಯವಿಟ್ಟು ಗಮನಿಸಬೇಕು.

ಅಲ್ಲಿ ನಾನು ಹೇಳಿದ್ದು ಇಷ್ಟು. ಗರ್ಭಕೋಶ ಅಂದರೆ ತಲೆಕೆಳಗು ಮಾಡಿ ಹಿಡಿದ ಚೊಂಬು. ಅದರ ಕತ್ತೇ ಗರ್ಭಕಂಠ. ಆ ಕತ್ತಿನ ಚರ್ಮದಲ್ಲಿ ಎಚ್‌ಪಿವಿ ಅನ್ನುವ ವೈರಸ್ ಬಂದು ಕೂರುತ್ತದೆ. ಇದರಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ. ಕೆಲವು ಬರೀ ನರಹುಲಿ ಎಬ್ಬಿಸುತ್ತವೆ. ಕ್ಯಾನ್ಸರ್ ತರುವುದರಲ್ಲಿ 16 ಮತ್ತು 18ನೇ ನಂಬರಿನವು ಎಲ್ಲಕ್ಕಿಂತ ಪಾಕಡಾ. ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ 70ರಷ್ಟು ಇವೆರಡರದ್ದೇ ಕೆಲಸ. ವೈರಸ್ ಬಂತು ಅಂದರೆ ಕ್ಯಾನ್ಸರ್ ಬಂತು ಅಂತ ಅಲ್ಲ. ಹೆಚ್ಚಿನವರ ಮೈಯೇ ಅದನ್ನು ಒಂದೆರಡು ವರ್ಷದಲ್ಲಿ ಓಡಿಸಿಬಿಡುತ್ತದೆ. ಓಡಿಸಲಾಗದೆ ಉಳಿದುಕೊಂಡಿದ್ದು 15, 20 ವರ್ಷ ಬೂದಿ ಮುಚ್ಚಿದ ಕೆಂಡದ ಹಾಗೆ ಕೂತು ಕ್ಯಾನ್ಸರ್ ಆಗುತ್ತದೆ. ಈ ಸಂಬಂಧವನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

‘ಹೇಗೆ ಅಂಟುತ್ತದೆ?’ ಅನ್ನುವ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರ ಕೊಡಬಾರದು ಅಂತ ಮೊದಲೇ ನಿರ್ಧಾರ ಮಾಡಿದ್ದೆ. ‘ಗಂಡ ಹೆಂಡತಿ ಕೂಡುವಾಗ ಮೈಗೆ ಮೈ ತಾಗಿ ಬರುತ್ತದೆ. ಸಂಸಾರ ಮಾಡುವ ಹೆಚ್ಚಿನ ಎಲ್ಲರಿಗೂ, ಗಂಡಸರಿಗೂ, ಒಂದಲ್ಲ ಒಂದು ಸಲ ಬಂದೇ ಹೋಗಿರುತ್ತದೆ. ಒಬ್ಬನೇ ಗಂಡನ ಜೊತೆ ಬಾಳಿದವಳಿಗೂ ಬರಬಹುದು. ಇದರಲ್ಲಿ ನಡತೆಯ ಮಾತಿಲ್ಲ’ ಅಂದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ‘ಹಂಗಾದ್ರೆ ನನ್ನ ತಂಗಿ ಸತ್ತದ್ದೂ ಇದೇ ಆಗಿರ್ಬೇಕು, ಊರೆಲ್ಲ ಏನೇನೋ ಆಡಿತ್ತು’ ಅಂದರು. ಆ ಮಾತಿನ ಮೇಲೆ ಸಭೆಯ ದಿಕ್ಕೇ ಬದಲಾಯಿತು. ಅರ್ಧ ಗಂಟೆಯ ಸಭೆ ಎರಡು ಗಂಟೆ ಆಯಿತು. ಚಾ ಎರಡು ಸಲ ಬಂತು.

‘ಸೂಜಿಯಿಂದಲೇ ರೋಗ ಬಂದರೆ?’ ಇದೂ ಬರುವ ಪ್ರಶ್ನೆ. ಕಡಲ ಬದಿಯವರಿಗೆ ನಾನು ಏಡಿಯ ಉದಾಹರಣೆ ಕೊಟ್ಟೆ. ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಗಿನ ಚಿಪ್ಪಿನಂಥ ಪ್ರೋಟೀನ್ ಮಾತ್ರ, ಒಳಗೆ ಜೀವ ಇಲ್ಲ. ಏಡಿಯ ಖಾಲಿ ಚಿಪ್ಪು ಕಚ್ಚುವುದಿಲ್ಲ. ಆದರೆ ಅದನ್ನು ಒಂದು ಸಲ ನೋಡಿಟ್ಟುಕೊಂಡ ಮಗು ನಿಜವಾದ ಏಡಿ ಬಂದಾಗ ಗುರುತು ಹಿಡಿಯುತ್ತದೆ. ಮೈಯೂ ಹಾಗೆಯೇ ಗುರುತು ಇಟ್ಟುಕೊಳ್ಳುತ್ತದೆ.

‘ಇಷ್ಟು ಸಣ್ಣ ಹುಡುಗಿಗೆ ಯಾಕೆ, ಮದುವೆ ಟೈಮಿಗೆ ಹಾಕಿಸಿದರಾಯ್ತು’ ಅನ್ನುವವರು ಎಲ್ಲ ಕಡೆ ಇದ್ದಾರೆ. ಇದಕ್ಕೆ ಒಳ್ಳೆಯ ಉತ್ತರ ನನಗೆ ಸಿಕ್ಕಿದ್ದು ಘಟ್ಟದ ಮೇಲೆ. ಶಿರಸಿ ಹತ್ತಿರದ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ಅಡಿಕೆ ಸುಲಿಯುವ ಕಾಲ. ಅಂಗಳದ ಚಪ್ಪರದ ಕೆಳಗೆ ಹತ್ತು ಹನ್ನೆರಡು ಜನ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಮಾತಿಗೆ ಮಾತು ಬೆಳೆದು ವಿಷಯ ಇಲ್ಲಿಗೆ ಬಂತು. ವೈರಸ್ ಮೈಗೆ ಬರುವ ಮೊದಲೇ ಹಾಕಿಸಿದರೆ ಮಾತ್ರ ಲಸಿಕೆಯ ಪೂರ್ತಿ ಉಪಯೋಗ, ಸಣ್ಣ ವಯಸ್ಸಿನಲ್ಲಿ ಮೈ ಚೆನ್ನಾಗಿ ಸ್ಪಂದಿಸುತ್ತದೆ, ಅದಕ್ಕೇ 9ರಿಂದ 14 ವರ್ಷ ಅಂತ ಇಟ್ಟಿದ್ದಾರೆ ಅಂದೆ. ಆ ಮನೆಯ ಯಜಮಾನರು ಕೈಯಲ್ಲಿದ್ದ ಅಡಿಕೆ ಬುಟ್ಟಿಗೆ ಹಾಕಿ ಹೇಳಿದರು: ‘ಅಂದ್ರೆ ಇದು ಕೊಳೆ ಔಷಧಿ ಹೊಡದಾಂಗೆ ಆತು.’ ಮುಗಿಯಿತು. ನಾನು ಮುಂದೆ ವಿವರಿಸಬೇಕಾಗಲೇ ಇಲ್ಲ. ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. ಮಳೆ ಹಿಡಿಯುವ ಮೊದಲು ಬೋರ್ಡೋ ಔಷಧಿ ಹೊಡೆಯಬೇಕು, ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟಬೇಕು. ಕಾಯಿ ಉದುರಲು ಶುರುವಾದ ಮೇಲೆ ದೋಟಿ ಹಿಡಿದು ಓಡಿದರೆ ಏನೂ ಸಿಗುವುದಿಲ್ಲ ಅಂತ ಅಡಿಕೆ ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಕರಪತ್ರಗಳಲ್ಲಿ ಇಂಥ ಮಾತು ಯಾಕಿಲ್ಲ ಅಂತ ನನಗೆ ಆಶ್ಚರ್ಯ. ಒಂದೇ ಕರಪತ್ರ ಇಡೀ ರಾಜ್ಯಕ್ಕೆ. ನಮ್ಮ ಒಂದು ಜಿಲ್ಲೆಯೊಳಗೇ ಕಾರವಾರದ ಮನೆಗಳಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದಲ್ಲಿ ಮರಾಠಿ. ಗೌಳಿಗರ ದಡ್ಡಿಗಳಲ್ಲಿ, ಸಿದ್ದಿಗಳ ಕೇರಿಗಳಲ್ಲಿ ಮಾತೇ ಬೇರೆ. ಶಾಲೆಯ ಕನ್ನಡ ಹುಡುಗಿಗೆ ಅರ್ಥವಾಗುತ್ತದೆ, ಆದರೆ ಸಹಿ ಹಾಕುವವಳು ಅವಳಲ್ಲ. ಭಟ್ಕಳದಲ್ಲಿ ಅಪ್ಪ ದುಬೈಯಲ್ಲಿ ಇರುತ್ತಾನೆ. ಕಾರವಾರದ ಎಷ್ಟೋ ಮನೆಗಳಲ್ಲಿ ಗೋವಾದಲ್ಲಿ ಕೆಲಸ. ಅವರಿಗೆ ಚೀಟಿ ತಲುಪುವುದು ವಾಟ್ಸಾಪ್ ಫೋಟೋ ಆಗಿ, ಅದರ ಜೊತೆಗೇ ‘ಇದು ಹಾಕಿದ್ರೆ ಮಕ್ಕಳಾಗಲ್ವಂತೆ’ ಅನ್ನುವ ಇನ್ನೊಂದು ಫಾರ್ವರ್ಡ್ ಕೂಡ. ನೀವು ಎರಡು ನಿಮಿಷದ ಆಡಿಯೋ ಮಾಡಿಸಿ. ಕೊಂಕಣಿಯಲ್ಲಿ, ನವಾಯತಿಯಲ್ಲಿ, ಹವ್ಯಕ ಮಾತಲ್ಲಿ, ನಾಮಧಾರಿಗಳ, ಹಾಲಕ್ಕಿಗಳ ಮಾತಿನ ಧಾಟಿಯಲ್ಲಿ. ಊರಿನ ಡಾಕ್ಟರಮ್ಮನ ಧ್ವನಿ ಇರಲಿ. ಬೆಂಗಳೂರಿನ ಜಾಹೀರಾತಿನ ಧ್ವನಿ ಬೇಡ. ಜಮಾತಿನ ಹಿರಿಯರು, ಮದರಸಾದಲ್ಲಿ ಕಲಿಸುವ ಹೆಂಗಸರು, ಚರ್ಚಿನ ಫಾದರ್, ದೇವಸ್ಥಾನದ ಕಮಿಟಿಯವರು, ಇವರ ಹತ್ತಿರ ಶಿಬಿರದ ಹಿಂದಿನ ದಿನ ಅಲ್ಲ, ತಿಂಗಳ ಮೊದಲೇ ಹೋಗಿ ಕೂತು ಮಾತಾಡಿ.

ಮಕ್ಕಳಾಗಲ್ಲ ಅನ್ನುವುದಕ್ಕೆ ನಾನು ಕೊಟ್ಟ ಉತ್ತರ ಇದು. ಲಸಿಕೆಯಿಂದ ಬಂಜೆತನ ಬರುವುದಿಲ್ಲ. ಜಗತ್ತಿನಲ್ಲಿ ಇದು 2006ರಿಂದ ಬಳಕೆಯಲ್ಲಿದೆ. ಆಸ್ಟ್ರೇಲಿಯಾದಲ್ಲಿ 2007ರಿಂದ ಶಾಲೆಯಲ್ಲೇ ಹಾಕುತ್ತಿದ್ದಾರೆ. ನಮ್ಮ ನೆರೆಯ ಪುಟ್ಟ ಭೂತಾನ್ 2010ರಲ್ಲೇ ಇಡೀ ದೇಶಕ್ಕೆ ಶುರು ಮಾಡಿತು. ಆ ಹುಡುಗಿಯರಲ್ಲಿ ಎಷ್ಟೋ ಮಂದಿ ಈಗ ತಾಯಂದಿರು. ಮಕ್ಕಳಾಗದ ಹಾಗೆ ಮಾಡುವುದು ಕ್ಯಾನ್ಸರ್, ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ.

ಹಾಗಂತ ಜನರ ಅನುಮಾನವನ್ನೆಲ್ಲ ‘ಅಜ್ಞಾನ’ ಅಂತ ತಳ್ಳಿಹಾಕಬೇಡಿ. ಅನುಮಾನಕ್ಕೆ ಕಾರಣವೂ ಇದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡುಗಿಯರಿಗೆ ಪ್ರಾತ್ಯಕ್ಷಿಕೆ ಯೋಜನೆಯಲ್ಲಿ ಈ ಲಸಿಕೆ ಹಾಕಿದರು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂತು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಲ್ಲಿಸಿದರು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಇದ್ದಂತಿಲ್ಲ ಅಂತ ವಿಚಾರಣಾ ಸಮಿತಿ ಹೇಳಿತು. ಆದರೆ ಒಪ್ಪಿಗೆ ಪಡೆದ ರೀತಿ ಸರಿ ಇರಲಿಲ್ಲ. ಎಷ್ಟೋ ಕಡೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್, ಹೆಡ್‌ಮಾಸ್ತರರೇ ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿಯೇ ಬರೆಯಿತು. ಲಸಿಕೆ ತಪ್ಪಿರಲಿಲ್ಲ, ಕೇಳದೆ ಹಾಕಿದ್ದು ತಪ್ಪಾಗಿತ್ತು. ಅದರಿಂದ ದೇಶ ಎಷ್ಟೋ ವರ್ಷ ಹಿಂದೆ ಬಿತ್ತು.

ಆ ಗಲಾಟೆಯಲ್ಲೇ ಒಂದು ವಿಚಿತ್ರವೂ ನಡೆಯಿತು. ಅದೇ ಹೊತ್ತಿಗೆ ದೇಶದ 9 ಕೇಂದ್ರಗಳಲ್ಲಿ 17 ಸಾವಿರಕ್ಕೂ ಹೆಚ್ಚು ಹುಡುಗಿಯರ ಮೇಲೆ ಬೇರೊಂದು ಅಧ್ಯಯನ ನಡೆಯುತ್ತಿತ್ತು. ಎರಡು ಡೋಸ್ ಸಾಕಾ, ಮೂರು ಬೇಕಾ ಅಂತ ನೋಡುವುದು ಉದ್ದೇಶ. 2010ರ ತಡೆ ಅದಕ್ಕೂ ಬಿತ್ತು. ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿ ನಿಂತುಹೋಯಿತು. ಅವರನ್ನು ಹತ್ತು ವರ್ಷ ನೋಡಿಕೊಂಡು ಬಂದರು. ಒಂದು ಡೋಸ್ ಆದವರಿಗೂ ಎರಡು, ಮೂರು ಆದವರಷ್ಟೇ ರಕ್ಷಣೆ ಸಿಕ್ಕಿತ್ತು. ಇಂಥ ಅಧ್ಯಯನಗಳನ್ನು ಇಟ್ಟುಕೊಂಡೇ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಈ ವಯಸ್ಸಿನ ಹುಡುಗಿಯರಿಗೆ ಒಂದೇ ಡೋಸ್ ಕೊಟ್ಟರೂ ನಡೆಯುತ್ತದೆ ಅಂದಿತು. ಎಚ್‌ಐವಿ ಇರುವಂಥ, ರೋಗ ತಡೆಯುವ ಶಕ್ತಿ ಕಡಿಮೆ ಇರುವ ಮಕ್ಕಳಿಗೆ ಮಾತ್ರ ಜಾಸ್ತಿ ಡೋಸ್ ಬೇಕು. ಅದೇ ವರ್ಷ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ನಮ್ಮದೇ ಲಸಿಕೆ ಸರ್ವಾವ್ಯಾಕ್‌ಗೂ ಒಪ್ಪಿಗೆ ಸಿಕ್ಕಿತು. 2024ರ ಫೆಬ್ರುವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ಹಣಕಾಸು ಸಚಿವರು 9ರಿಂದ 14 ವರ್ಷದ ಹುಡುಗಿಯರಿಗೆ ಈ ಲಸಿಕೆಗೆ ಪ್ರೋತ್ಸಾಹ ಕೊಡುವುದಾಗಿ ಹೇಳಿದರು. ಲಸಿಕೆ ತರುವುದು ಮೇಲಿನವರ ಕೆಲಸ. ನಾನು ನಿಮ್ಮ ಹತ್ತಿರ ಕೇಳುತ್ತಿರುವುದು ನೀಲಿ ಡಬ್ಬಿಯಿಂದ ತೋಳಿನ ತನಕದ ದಾರಿಯ ಬಗ್ಗೆ.

ನಮ್ಮ ಜಿಲ್ಲೆಗೆ ಸೂಜಿಯ ಬಗ್ಗೆ ತನ್ನದೇ ನೆನಪೂ ಇದೆ. ಸಿದ್ದಾಪುರ ಕಡೆಯವರನ್ನು ಕೇಳಿ. ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಳ್ಳಿ ಅಂತ ಎಷ್ಟು ವರ್ಷ ಮನೆಮನೆಗೆ ಬಂದರು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಚುಚ್ಚಿದ ಜಾಗ ಬೆಂಕಿ ಬಿದ್ದ ಹಾಗೆ ಉರಿ. ಕೊನೆಗೆ ಆ ಲಸಿಕೆ ಅಷ್ಟೇನೂ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿಯೇಬಿಟ್ಟರು. ಜನ ‘ಅದೂ ಹಾಗೇ ಅಂದಿದ್ರಿ’ ಅಂದರೆ ಸಿಟ್ಟಾಗಬೇಡಿ. ಅದು ಬೇರೆ, ಇದು ಬೇರೆ ಅಂತ ಕೂತು ಹೇಳಿ. ಸ್ವೀಡನ್ನಿನಲ್ಲಿ 17 ವರ್ಷದೊಳಗೆ ಈ ಲಸಿಕೆ ಹಾಕಿಸಿಕೊಂಡವರಲ್ಲಿ ಗರ್ಭಕಂಠದ ಕ್ಯಾನ್ಸರ್ 88 ಪ್ರತಿಶತ ಕಡಿಮೆ ಆಗಿದ್ದು 2020ರಲ್ಲಿ ಗೊತ್ತಾಯಿತು. ಇಂಗ್ಲೆಂಡಿನಲ್ಲಿ 12, 13ನೇ ವಯಸ್ಸಿಗೆ ಹಾಕಿಸಿಕೊಂಡವರಲ್ಲಿ 87 ಪ್ರತಿಶತ. ಇಷ್ಟು ಗಟ್ಟಿ ಲೆಕ್ಕ ಮಂಗನ ಕಾಯಿಲೆಯ ಲಸಿಕೆಗೆ ಯಾವತ್ತೂ ಇರಲಿಲ್ಲ.

ಇನ್ನು ಸೂಜಿ ಹಾಕುವ ದಿನದ ಬಗ್ಗೆ. ಇದನ್ನು ನೀವು ಸಣ್ಣದು ಅಂದುಕೊಳ್ಳಬಹುದು, ನನಗೆ ಹಾಗನ್ನಿಸುವುದಿಲ್ಲ. ತೋಳು ನೋಯುತ್ತದೆ, ಸ್ವಲ್ಪ ಬಾವು, ಕೆಲವರಿಗೆ ಮೈ ಬಿಸಿ. ಇದನ್ನು ಮೊದಲೇ ಹೇಳಿದರೆ ಯಾರೂ ಹೆದರುವುದಿಲ್ಲ. ಆದರೆ ಈ ವಯಸ್ಸಿನ ಹುಡುಗಿಯರು ಯಾವ ಸೂಜಿಗಾದರೂ ತಲೆಸುತ್ತಿ ಬೀಳುವುದುಂಟು. ಅದರಲ್ಲೂ ಬೆಳಿಗ್ಗೆ ತಿಂಡಿ ತಿನ್ನದೆ ಬಸ್ಸಿಗೆ ಓಡಿ ಬಂದವರು. ನಮ್ಮ ಶಿಬಿರದಲ್ಲಿ ಎಲ್ಲರನ್ನೂ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ, ಮುಂದಿನವಳಿಗೆ ಚುಚ್ಚುವುದು ಹಿಂದಿನವಳಿಗೆ ಕಾಣುವ ಹಾಗೆ ಮಾಡಿದ್ದರು. ನಾಲ್ಕನೆಯವಳು ಬಿದ್ದಳು. ಐದನೆಯವಳು ಅತ್ತಳು. ಸಂಜೆಗೆ ಊರಲ್ಲಿ ‘ಆಸ್ಪತ್ರೆಗೆ ಸೇರಿಸಿದ್ರಂತೆ’ ಅಂತ ಆಯಿತು. ಕೊಲಂಬಿಯಾ ದೇಶದ ಎಲ್ ಕಾರ್ಮೆನ್ ದೆ ಬೊಲಿವಾರ್ ಅನ್ನುವ ಊರಲ್ಲಿ 2014ರಲ್ಲಿ ಹೀಗೆಯೇ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಬಿದ್ದರು. ವಿಡಿಯೋ ಎಲ್ಲ ಕಡೆ ಹೋಯಿತು. ತನಿಖೆಯಲ್ಲಿ ಲಸಿಕೆಯ ದೋಷ ಕಾಣಲಿಲ್ಲ. ಅಷ್ಟರಲ್ಲಿ ಇಡೀ ದೇಶದಲ್ಲಿ ಲಸಿಕೆ ಹಾಕಿಸುವವರು ತೀರಾ ಕಡಿಮೆಯಾದರು. ಜಪಾನ್ 2013ರಲ್ಲಿ ಇಂಥದ್ದೇ ಹೆದರಿಕೆಗೆ ‘ಹಾಕಿಸಿಕೊಳ್ಳಿ’ ಅಂತ ಮುಂದೆ ನಿಂತು ಶಿಫಾರಸು ಮಾಡುವುದನ್ನು ನಿಲ್ಲಿಸಿತು. ಲಸಿಕೆ ಹಾಕಿಸಿಕೊಳ್ಳುವವರು ನೂರಕ್ಕೆ 70 ಇದ್ದಿದ್ದು ಒಂದಕ್ಕಿಂತ ಕೆಳಗಿಳಿಯಿತು. ಸರಿ ಮಾಡಿಕೊಳ್ಳಲು 2022ರ ತನಕ ಬೇಕಾಯಿತು. ಅಷ್ಟು ಮುಂದುವರಿದ ಜಪಾನಿಗೇ ಹೀಗಾದರೆ ನಾವು ಜಾಗ್ರತೆ ಮಾಡಬೇಕಲ್ವಾ? ಮಾಡಬೇಕಾದ್ದೂ ದೊಡ್ಡದೇನಲ್ಲ. ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಇಡಿ. ಒಬ್ಬೊಬ್ಬಳನ್ನೇ ಒಳಗೆ ಕರೆಯಿರಿ. ಕೂರಿಸಿ ಹಾಕಿ. 15 ನಿಮಿಷ ಚಾಪೆಯ ಮೇಲೆ ಕೂತಿರಲಿ. ಬೆಲ್ಲ, ನೀರು ಇಡಿ. ಬೇಕಾದ ತಾಯಂದಿರು ಬಂದು ಕೈ ಹಿಡಿದುಕೊಳ್ಳಲಿ.

ಎರಡನೇ ಸಲ ನಾವು ಹೀಗೆಯೇ ಮಾಡಿದೆವು. ಒಪ್ಪಿಗೆ ಚೀಟಿಯನ್ನು ನಾನೇ ಬರೆದೆ, ಒಂದೇ ಪುಟ, ದಪ್ಪ ಅಕ್ಷರ. ಮೊದಲ ಸಾಲು: ‘ನಿಮ್ಮ ಮಗಳಿಗೆ ಮುಂದೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರದಂತೆ ಈ ಲಸಿಕೆ.’ ಹೇಗೆ ಹರಡುತ್ತದೆ ಅನ್ನುವುದನ್ನು ಮುಚ್ಚಿಡಲಿಲ್ಲ, ಆದರೆ ಅದನ್ನು ಚೀಟಿಯ ಹಣೆಯ ಮೇಲೆ ಬರೆಯದೆ ಸಭೆಯಲ್ಲಿ ಬಾಯಿಬಿಟ್ಟು ಹೇಳಿದೆವು. ಮನೆಯಲ್ಲಿ ಯೋಚನೆ ಮಾಡಲು ಹತ್ತು ದಿನ ಕೊಟ್ಟೆವು. ಹಿಂದಿನ ಸಲ ಬಿಟ್ಟುಹೋಗಿದ್ದ 34 ಹುಡುಗಿಯರಲ್ಲಿ 27 ಮಂದಿ ಬಂದರು. ಬರದ ಏಳು ಮನೆಯವರನ್ನು ಯಾರೂ ಬೈಯಲಿಲ್ಲ. ಮೀನು ಪೇಟೆಯ ಆ ತಾಯಿ ವ್ಯಾಪಾರ ಬಿಟ್ಟು ಬಂದು ಮಗಳ ಪಕ್ಕ ಕೂತಿದ್ದಳು. ಸೂಜಿ ಹಾಕುವಾಗ ಕಣ್ಣು ಮುಚ್ಚಿದ್ದು ಅವಳು, ಮಗಳಲ್ಲ.

ಒಂದು ಶಾಲೆಯ ಕತೆ ಇಟ್ಟುಕೊಂಡು ಜಿಲ್ಲೆಗೆ ಬುದ್ಧಿ ಹೇಳುತ್ತಾಳೆ ಅನ್ನಬೇಡಿ. ಸಿಕ್ಕಿಂ 2018ರಲ್ಲಿ ಇಡೀ ರಾಜ್ಯದಲ್ಲೇ ಇದನ್ನು ಮಾಡಿ ತೋರಿಸಿತು. ಶಾಲೆಗಳ ಮೂಲಕವೇ ಹೋಗಿ, ಮೊದಲು ಮಾತಾಡಿ, ಆಮೇಲೆ ಹಾಕಿ, ನೂರರಲ್ಲಿ 95ಕ್ಕೂ ಹೆಚ್ಚು ಹುಡುಗಿಯರನ್ನು ಮುಟ್ಟಿತು. ಅದೂ ಗುಡ್ಡಗಾಡು, ನಮ್ಮದೂ ಗುಡ್ಡಗಾಡು. ನಮಗೆ ಕಡಲು ಜಾಸ್ತಿ, ಅಷ್ಟೇ.

ಕಡಲಿನ ಮಾತು ಬಂತಲ್ಲ, ಅಪ್ಪಂದಿರ ವಿಷಯ. ನಮ್ಮ ಎಲ್ಲ ಸಭೆಗಳೂ ತಾಯಂದಿರಿಗೆ. ಆದರೆ ‘ಬೇಡ’ ಅಂತ ಕೆಂಪು ಪೆನ್ನಲ್ಲಿ ಬರೆದವನು ಅಪ್ಪ. ವರ್ಷದ ಹತ್ತು ತಿಂಗಳು ಅವನು ದೋಣಿಯಲ್ಲಿರುತ್ತಾನೆ, ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ, ತದಡಿ, ಹೊನ್ನಾವರ, ಭಟ್ಕಳ ಎಲ್ಲ ಕಡೆ ಬೋಟುಗಳು ದಡ ಹತ್ತಿರುತ್ತವೆ. ಗಂಡಸರು ಬಲೆ ಹೆಣೆಯುತ್ತ, ಇಸ್ಪೀಟು ಆಡುತ್ತ ಊರಲ್ಲೇ ಇರುತ್ತಾರೆ. ಶಾಲೆಯೂ ಆಗಷ್ಟೇ ಶುರುವಾಗಿರುತ್ತದೆ. ಅಪ್ಪಂದಿರ ಸಭೆಗೆ ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಘಟ್ಟದ ಮೇಲೆ ಅಡಿಕೆ ಸುಲಿಯುವ ಚಪ್ಪರ, ಸೊಸೈಟಿಯ ವಾರ್ಷಿಕ ಸಭೆ, ಹಾಲಿನ ಡೇರಿ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಇಡೀ ಜಿಲ್ಲೆಯೇ ಬರುತ್ತದೆ. ತೊಟ್ಟಿಲು ಕೂರುವವರ ಸಾಲಿನ ಪಕ್ಕ ಒಂದು ಮಳಿಗೆ ನಿಮ್ಮದಿರಲಿ. ಬ್ಯಾನರ್ ಕಟ್ಟಿ ಸಿಬ್ಬಂದಿ ಮೊಬೈಲ್ ನೋಡುತ್ತ ಕೂರುವ ಮಳಿಗೆ ಅಲ್ಲ, ಉತ್ತರ ಕೊಡುವವರಿರುವ ಮಳಿಗೆ.

ಶಾಲೆ ಬಿಟ್ಟ ಹುಡುಗಿಯರನ್ನು ಮರೆಯಬೇಡಿ. ಜೋಯಿಡಾ, ಯಲ್ಲಾಪುರದ ಕಾಡಿನ ಊರುಗಳಲ್ಲಿ, ದಾಂಡೇಲಿ ಕಡೆ ಕೂಲಿಗೆ ಬಂದವರ ಗುಡಿಸಲುಗಳಲ್ಲಿ ಅವರು ಇದ್ದಾರೆ. ಪಟ್ಟಿ ಆಶಾ ಅವರ ಹತ್ತಿರ ಇರುತ್ತದೆ. ಆಶಾಗಳಿಗೆ ಮನೆಯಲ್ಲಿ ಕೂತು ಮಾತಾಡಿದ ಸಂಜೆಗಳಿಗೂ ಗೌರವಧನ ಸಿಗಲಿ. ನಮ್ಮ ಜೊತೆ ಬಂದ ಆಶಾ ಮೂರು ವಾರ ಚಪ್ಪಲಿ ಸವೆಸಿದ್ದು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಉಪನಿರ್ದೇಶಕರಿಗೆ ಬೇರೆಯಾಗಿ ಒಂದು ಮಾತು. ಸಂತಾನೋತ್ಪತ್ತಿಯ ಪಾಠವನ್ನು ನನ್ನ ಹಾಗೆ ಹಾರಿಸುವ ಶಿಕ್ಷಕರು ಎಷ್ಟು ಮಂದಿ ಅಂತ ಒಮ್ಮೆ ನೋಡಿ. ತಪಾಸಣೆಗೆ ಅಲ್ಲ, ತರಬೇತಿಗೆ. ಆ ಪಾಠ ಮಾಡುವಾಗ ನಾಲಿಗೆ ತಡವರಿಸುವುದು ನಮಗೂ ಯಾರೂ ಕಲಿಸದೇ ಇದ್ದುದರಿಂದ. ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರಿಗೆ ಮಾತ್ರ ಹೇಳುವ ಪದ್ಧತಿಯೂ ಬೇಡ. ವೈರಸ್ ಗಂಡಸರಲ್ಲೂ ಇರುತ್ತದೆ. ನಾಳೆ ‘ಬೇಡ’ ಅಂತ ಬರೆಯುವ ಕೆಂಪು ಪೆನ್ನು ಈಗ ಅವರ ಜೇಬಿನಲ್ಲೇ ಇದೆ.

ಆರೋಗ್ಯಾಧಿಕಾರಿಗಳಿಗೂ ಒಂದು. ಲಸಿಕೆ ಹಾಕಿಸಿಕೊಂಡವರೂ 30 ದಾಟಿದ ಮೇಲೆ ತಪಾಸಣೆ ಮಾಡಿಸಿಕೊಳ್ಳಬೇಕು, ಯಾಕೆಂದರೆ ಲಸಿಕೆ ಎಲ್ಲ ಬಗೆಯ ವೈರಸ್ಸನ್ನೂ ತಡೆಯುವುದಿಲ್ಲ. ಈ ಹುಡುಗಿಯರ ತಾಯಂದಿರಲ್ಲಿ ಹೆಚ್ಚಿನವರು ಹೇಗೂ 30 ದಾಟಿದವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ನೂರು ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಆದವರು ಇಬ್ಬರೂ ಇಲ್ಲ. ತಪಾಸಣೆ ಅಂದರೆ ದೊಡ್ಡ ಮಷಿನ್ನೂ ಅಲ್ಲ. ವಿನೆಗರಿನಂಥ ದ್ರಾವಣ ಹಚ್ಚಿ ಬಿಳಿ ಕಲೆ ಕಾಣುತ್ತದಾ ಅಂತ ನೋಡುವುದು. ಮಗಳಿಗೆ ಸೂಜಿ ಹಾಕುವ ವಾರವೇ ತಾಯಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ದಿನ ಗೊತ್ತು ಮಾಡಿ. ಪರದೆ ಇರುವ ಕೋಣೆ, ಹೆಣ್ಣು ಡಾಕ್ಟರ್ ಅಥವಾ ಸಿಸ್ಟರ್ ಇರಲಿ. ಪರದೆ ಇಲ್ಲದ ಕಾರಣಕ್ಕೇ ವಾಪಸ್ ಬಂದವರು ನನಗೇ ಮೂವರು ಗೊತ್ತು. ನಮ್ಮ ಅತ್ತಿಗೆಯೂ ಪರದೆ ಇರುವ ಇಂಥ ಒಂದು ಕೋಣೆಗೆ ಎರಡು ವರ್ಷ ಮೊದಲೇ ಹೋಗಿದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ನನ್ನ ಕೈಲಾದದ್ದನ್ನೂ ಹೇಳಿಬಿಡುತ್ತೇನೆ. ಚೊಂಬಿನ ಚಿತ್ರ ಬರೆದ ರೋಲ್ ಹಲಗೆ ನನ್ನ ಹತ್ತಿರ ಇದೆ, ಒಪ್ಪಿಗೆ ಚೀಟಿಯ ಮಾದರಿಯೂ ಇದೆ. ಅಂಚೆಯ ಪ್ರತಿಯ ಜೊತೆ ಅದನ್ನು ಲಗತ್ತಿಸಿದ್ದೇನೆ. ತಿದ್ದಿ ಬಳಸಿಕೊಳ್ಳಿ, ನನ್ನ ಹೆಸರು ಬೇಡ. ಜೂನ್‌ನಲ್ಲಿ ಬೈತಖೋಲದಿಂದ ಭಟ್ಕಳದ ತನಕ ಯಾವ ಬಂದರಿನಲ್ಲಿ ಅಪ್ಪಂದಿರ ಸಭೆ ಇಟ್ಟರೂ ತಿಳಿಸಿ, ಬರುತ್ತೇನೆ. ಘಟ್ಟದ ಮೇಲಾದರೆ ಸುಗ್ಗಿಯ ಕಾಲದಲ್ಲಿ ಕರೆಯಿರಿ, ಕೂತು ಸುಲಿಯುತ್ತಲೇ ಮಾತಾಡುತ್ತೇನೆ. ಬಸ್ ಚಾರ್ಜಿನ ಬಿಲ್ಲು ಕಳಿಸುವುದಿಲ್ಲ, ಹೆಂಗಸರಿಗೆ ಸರ್ಕಾರಿ ಬಸ್ ಈಗ ಫ್ರೀ.

ಇಂತಿ,
ಒಬ್ಬ ನಿವೃತ್ತ ವಿಜ್ಞಾನದ ಅಕ್ಕೋರು
ಕುಮಟಾ ತಾಲೂಕು, ಉತ್ತರ ಕನ್ನಡ